ಹಾಲು ಕರೆಯುವ ಆಳು ಬಾರದ ದಿನ

ಹೊಲದ ಕೆಲಸಕ್ಕೆ ಆಳು ಬಾರದಿದ್ದರೆ ಕಳೆ ತೆಗೆಯುವುದು ನಾಳೆಗೆ ಹೋಗುತ್ತದೆ. ಕಿರಾಣಿ ಅಂಗಡಿಯ ಹುಡುಗ ಬಾರದಿದ್ದರೆ ಮಾಲೀಕನೇ ಪೊಟ್ಟಣ ಕಟ್ಟುತ್ತಾನೆ, ತೀರಾ ಆಗದಿದ್ದರೆ ಮಧ್ಯಾಹ್ನ ಬಾಗಿಲು ಹಾಕುತ್ತಾನೆ. ಹೈನುಗಾರಿಕೆಯಲ್ಲಿ ಈ ಎರಡು ಅನುಕೂಲಗಳೂ ಇಲ್ಲ. ಕೊಟ್ಟಿಗೆಗೆ ಬಾಗಿಲು ಹಾಕಿಕೊಂಡು ಹೋಗಲು ಬರುವುದಿಲ್ಲ. ಬೆಳಿಗ್ಗೆ ಕರೆಯಬೇಕಾದ ಹಾಲನ್ನು ನಾಳೆ ಬೆಳಿಗ್ಗೆ ಕರೆಯೋಣ ಎಂದರೆ ಹಸು ಒಪ್ಪುವುದಿಲ್ಲ, ಸಂಘದ ಹಾಲಿನ ಗಾಡಿಯೂ ಕಾಯುವುದಿಲ್ಲ.

ನಮ್ಮ ತುಮಕೂರು ಜಿಲ್ಲೆಯಲ್ಲಿ ಐದಾರರಿಂದ ಹತ್ತು ಹನ್ನೆರಡರವರೆಗೆ ಸೀಮೆ ಹಸು ಕಟ್ಟಿ, ಹಾಲು ಕರೆಯಲು ಒಬ್ಬ ಆಳನ್ನು ಇಟ್ಟುಕೊಂಡಿರುವ ಸದಸ್ಯರು ಈಗ ಪ್ರತಿ ಹೋಬಳಿಯಲ್ಲೂ ಇದ್ದಾರೆ. ಇವರನ್ನು ಉದ್ದಿಮೆದಾರರೆಂದು ಯಾರೂ ಕರೆಯುವುದಿಲ್ಲ. ಆದರೆ ಸಣ್ಣ ಉದ್ದಿಮೆಯವರಿಗೆ ಇರುವ ತಾಪತ್ರಯಗಳೆಲ್ಲ ಇವರಿಗೂ ಇವೆ. ಅದರಲ್ಲಿ ಮೊದಲನೆಯದು, ಹೇಳದೆ ಕೇಳದೆ ಆಳು ಬಾರದಿರುವುದು. ಬೆಳಗಿನ ಹೊತ್ತು ನಮಗೆ ಬರುವ ದೂರವಾಣಿ ಕರೆಗಳಲ್ಲಿ ಜ್ವರ, ಹೊಟ್ಟೆಯುಬ್ಬರಗಳ ಜೊತೆಗೆ “ಆಳು ಬಂದಿಲ್ಲ ಡಾಕ್ಟ್ರೇ, ಕೆಚ್ಚಲು ಕಲ್ಲಾಗಿದೆ, ಕೈ ಹಾಕಿದರೆ ಒದೆಯುತ್ತೆ” ಎಂಬುದೂ ಇರುತ್ತದೆ. ಔಷಧಿಯಿಂದ ವಾಸಿಯಾಗದ ಕಾಯಿಲೆ ಇದು. ಇದಕ್ಕೆ ಏರ್ಪಾಡು ಬೇಕು. ಆ ಏರ್ಪಾಡಿನ ಬಗ್ಗೆ ಈ ಲೇಖನದಲ್ಲಿ ವಿಚಾರ ಮಾಡೋಣ.

ಕೆಚ್ಚಲಿನಲ್ಲಿ ನಡೆಯುವುದೇನು?

ಹಾಲು ಉತ್ಪತ್ತಿ ಹಗಲೂ ರಾತ್ರಿಯೂ ನಡೆಯುತ್ತಲೇ ಇರುತ್ತದೆ. ಸಂಜೆ ಕರೆದ ಕೆಚ್ಚಲು ಬೆಳಗಿನ ಹೊತ್ತಿಗೆ ತುಂಬಿಕೊಳ್ಳುತ್ತದೆ. ತುಂಬುತ್ತಾ ಹೋದಂತೆ ಒಳಗಿನ ಒತ್ತಡ ಹೆಚ್ಚಿ, ಹಾಲು ತಯಾರಿಸುವ ಜೀವಕೋಶಗಳು ಕೆಲಸವನ್ನು ನಿಧಾನ ಮಾಡುತ್ತವೆ. 12 ಗಂಟೆಗಳ ಅಂತರದಲ್ಲಿ ಇದರಿಂದ ತೊಂದರೆಯಿಲ್ಲ. ಸುಮಾರು 16 ಗಂಟೆ ದಾಟಿದರೆ ಉತ್ಪತ್ತಿ ಸ್ಪಷ್ಟವಾಗಿ ಕುಗ್ಗತೊಡಗುತ್ತದೆ. ಒಂದು ಹೊತ್ತು ತಪ್ಪಿದ ಮಾತ್ರಕ್ಕೆ ಹಸು ಹಾಳಾಗುವುದಿಲ್ಲ, ನಿಜ. ಆದರೆ ಕರು ಹಾಕಿ ಎರಡು ತಿಂಗಳೊಳಗಿರುವ, ಹಾಲು ಏರುತ್ತಿರುವ ಹಸುವಿನಲ್ಲಿ ಆ ಒಂದು ಹೊತ್ತಿನ ಇಳಿತ ಸರಿಹೋಗಲು ಕೆಲವು ದಿನಗಳೇ ಬೇಕಾಗಬಹುದು. ಜೊತೆಗೆ ಬಿಗಿದ ಕೆಚ್ಚಲಿನಿಂದ ಹಾಲು ತಾನಾಗಿ ತೊಟ್ಟಿಕ್ಕುವಾಗ ಮೊಲೆಯ ತುದಿಯ ರಂಧ್ರ ತೆರೆದುಕೊಂಡಿರುತ್ತದೆ. ಹಸು ಸಗಣಿ ಗಂಜಲದ ಮೇಲೆ ಮಲಗಿದರೆ ರೋಗಾಣುಗಳು ಒಳಗೆ ಹೋಗಲು ಅಷ್ಟು ಸಾಕು. ಹೊರಗೆ ಕಾಣದೆ ಒಳಗೇ ಅಡಗಿದ್ದ ಕೆಚ್ಚಲು ಬಾವು ಭುಗಿಲೇಳುವುದೂ ಇಂತಹ ದಿನಗಳಲ್ಲೇ.

ಎರಡನೆಯ ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಹಾಲು ಕೆಚ್ಚಲಿನಲ್ಲಿ ಇದ್ದ ಮಾತ್ರಕ್ಕೆ ಕೈಗೆ ಬರುವುದಿಲ್ಲ, ಹಸು ಸೊರ ಬಿಡಬೇಕು. ಕೆಚ್ಚಲು ತೊಳೆದು ಮೊಲೆಗಳನ್ನು ನೀವಿದಾಗ ಮಿದುಳಿನ ಬುಡದಲ್ಲಿರುವ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಚೋದಕ ರಕ್ತಕ್ಕೆ ಸೇರಿ, ಸುಮಾರು ಒಂದು ನಿಮಿಷದಲ್ಲಿ ಕೆಚ್ಚಲನ್ನು ತಲುಪಿ ಹಾಲನ್ನು ಕೆಳಗಿಳಿಸುತ್ತದೆ. ಇದರ ಪ್ರಭಾವ ಇರುವುದು ಐದರಿಂದ ಏಳು ನಿಮಿಷ ಮಾತ್ರ. ಹಸು ಹೆದರಿದರೆ, ನೋವಾದರೆ, ಗುರುತಿಲ್ಲದ ಕೈ ಸೋಕಿದರೆ ಈ ಚೋದಕ ಸರಿಯಾಗಿ ಬಿಡುಗಡೆಯಾಗುವುದಿಲ್ಲ. ಬದಲಿಗೆ ಅಡ್ರಿನಲಿನ್ ಎಂಬ ಇನ್ನೊಂದು ಚೋದಕ ಹೆಚ್ಚಿ, ಕೆಚ್ಚಲಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡಿ ಹಾಲನ್ನು ಮೇಲೆಯೇ ತಡೆಹಿಡಿಯುತ್ತದೆ.

ಆಳು ಬಾರದ ದಿನ ಕೊಟ್ಟಿಗೆ ಹೇಗಿರುತ್ತದೆಂದು ಸದಸ್ಯರಿಗೆ ನಾನು ವಿವರಿಸಬೇಕಾಗಿಲ್ಲ. ಯಜಮಾನರ ತಲೆ ಬಿಸಿಯಾಗಿರುತ್ತದೆ. ಬಾರದವನನ್ನು ಬೈಯುತ್ತಲೇ ಬಕೆಟ್ಟು ಎತ್ತಿ ಕುಕ್ಕುತ್ತಾರೆ. ಹೆಂಡತಿ ಮಕ್ಕಳ ಮೇಲೆ ರೇಗುತ್ತಾರೆ. ಗಾಡಿಯ ಹೊತ್ತಾಯಿತೆಂದು ಕೆಚ್ಚಲು ತೊಳೆಯದೆ ಕೈ ಹಾಕುತ್ತಾರೆ, ಅದು ಒದ್ದರೆ ಕೋಲು ತೆಗೆಯುತ್ತಾರೆ. ಬೈದದ್ದು ಆಳಿಗೆ, ಕೇಳಿಸಿಕೊಂಡದ್ದು ಹಸು. ಅಂದು ಡೈರಿಯ ಚೀಟಿಯಲ್ಲಿ ಹಾಲು ಕಡಿಮೆ, ಎಷ್ಟೋ ಸಲ ಕೊಬ್ಬಿನಂಶವೂ ಕಡಿಮೆ. ಕಾರಣ, ಕೊನೆಯಲ್ಲಿ ಬರುವ ಹಾಲಿನಲ್ಲೇ ಕೊಬ್ಬು ಹೆಚ್ಚು. ಸೊರ ಬಿಡದ ಹಸು ತಡೆದಿಟ್ಟುಕೊಳ್ಳುವುದೂ ಅದನ್ನೇ. ಮನಸ್ಸಿನ ಒತ್ತಡವೆಂಬುದು ಪಟ್ಟಣದ ಕಚೇರಿಯವರ ಕಾಯಿಲೆ, ನಮಗೇಕೆ ಎನ್ನುವವರು ಆ ಚೀಟಿಯನ್ನೊಮ್ಮೆ ನೋಡಬೇಕು.

ಆ ಬೆಳಿಗ್ಗೆ ಏನು ಮಾಡಬೇಕು?

ಮೊದಲು, ಅರ್ಧ ಗಂಟೆಗಿಂತ ಹೆಚ್ಚು ಕಾಯಬೇಡಿ. ಬರುತ್ತಾನೋ ಇಲ್ಲವೋ ಎಂದು ದಾರಿ ನೋಡುತ್ತಾ ಏಳೂವರೆ ಮಾಡಿಕೊಳ್ಳುವುದರಿಂದಲೇ ಅರ್ಧ ಕಷ್ಟ ಹುಟ್ಟುತ್ತದೆ.

ಇರುವ ಕೈಗಳಲ್ಲಿ ಎಲ್ಲ ಕೆಲಸವೂ ಆಗುವುದಿಲ್ಲವೆಂದು ಒಪ್ಪಿಕೊಂಡು ಕೆಲಸಗಳನ್ನು ಬೇರ್ಪಡಿಸಿ. ನೀರು, ಹಾಲು ಕರೆಯುವುದು, ಕರುಗಳಿಗೆ ಹಾಲು ಕುಡಿಸುವುದು, ಈ ಮೂರನ್ನು ಮುಂದೂಡಲಾಗದು. ಮೈ ತೊಳೆಯುವುದು, ಮೇವು ಕತ್ತರಿಸುವುದು, ತಿಪ್ಪೆಗೆ ಗೊಬ್ಬರ ಸಾಗಿಸುವುದು ಮಧ್ಯಾಹ್ನಕ್ಕೆ ಹೋದರೆ ನಷ್ಟವಿಲ್ಲ. ಹಸು ಮಲಗುವ ಜಾಗದ ಸಗಣಿಯನ್ನು ಮಾತ್ರ ಬದಿಗೆ ಎಳೆದುಬಿಡಿ. ಮೇವು ಕತ್ತರಿಸದೆ ಉದ್ದಕ್ಕೇ ಹಾಕಿದರೆ ಒಂದಿಷ್ಟು ಪೋಲಾಗುತ್ತದೆ, ಆಗಲಿ.

ಹಸುಗಳಲ್ಲೂ ಸರದಿ ಇರಲಿ. ಇತ್ತೀಚೆಗೆ ಕರು ಹಾಕಿದ, ಹೆಚ್ಚು ಹಾಲಿನ ಹಸುಗಳು ಮೊದಲು. ನಡುವಿನ ಹಂತದವು ನಂತರ. ಎರಡು ಮೂರು ಲೀಟರಿಗೆ ಇಳಿದಿರುವ ಹಸುವನ್ನು ಅಂದು ಒಂದೇ ಹೊತ್ತು ಕರೆದರೂ ಅಂತಹ ಕೇಡಿಲ್ಲ. ಗಬ್ಬವಾಗಿ ಏಳು ತಿಂಗಳು ತುಂಬಿದ ಹಸುವನ್ನು ಇನ್ನೂ ಕರೆಯುತ್ತಿದ್ದರೆ, ಆಳು ಬರಲಿ ಬಿಡಲಿ, ಅದರ ಹಾಲು ಬತ್ತಿಸುವ ಕಾಲ ಬಂದಿದೆ. ಕರು ಹಾಕುವ 60 ದಿನ ಮೊದಲು ಕೆಚ್ಚಲಿಗೆ ವಿಶ್ರಾಂತಿ ಕೊಡಲೇಬೇಕು. ಬತ್ತಿಸುವಾಗ ಕೆಚ್ಚಲಿಗೆ ಏರಿಸುವ ಔಷಧಿಗಾಗಿ ಪಶುವೈದ್ಯರನ್ನು ಕೇಳಿ. ಎಷ್ಟೋ ಕೊಟ್ಟಿಗೆಗಳಲ್ಲಿ ಸುಮ್ಮನೆ ಅಭ್ಯಾಸಕ್ಕೆಂದು ಕರೆಯುತ್ತಿರುವ ಇಂತಹ ಒಂದೆರಡು ಹಸುಗಳಿಂದಲೇ ಕೆಲಸದ ಹೊರೆ ಹೆಚ್ಚಾಗಿರುತ್ತದೆ.

ಕೆಚ್ಚಲು ಬಾವು ಇರುವ ಹಸುವನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಬೇರೆ ಪಾತ್ರೆಗೆ ಕರೆಯಬೇಕು. ಕೊನೆಯಲ್ಲಿ ಎಂದೆ, ಬಿಡಿ ಎಂದು ಹೇಳಲಿಲ್ಲ. ಕೆಟ್ಟ ಹಾಲನ್ನು ಆಗಾಗ್ಗೆ ಪೂರ್ತಿ ಹಿಂಡಿ ತೆಗೆಯುವುದು ಚಿಕಿತ್ಸೆಯ ಒಂದು ಭಾಗವೇ ಆಗಿದೆ.

ಅಭ್ಯಾಸವಿಲ್ಲದ ಕೈ ಬೇಗ ಸೋಲುತ್ತದೆ. ಆಗ ಹೆಬ್ಬೆರಳನ್ನು ಮಡಚಿ ಗೆಣ್ಣಿನಿಂದ ಒತ್ತಿ ಎಳೆಯಬೇಕೆನಿಸುತ್ತದೆ. ಹಾಗೆ ಮಾಡಿದರೆ ಮೊಲೆಯೊಳಗಿನ ಪೊರೆಗೆ ಗಾಯವಾಗುತ್ತದೆ. ಮೊಲೆಯನ್ನು ಅಂಗೈಯಲ್ಲಿ ಪೂರ್ತಿ ಹಿಡಿದು ಮೇಲಿನ ಬೆರಳಿನಿಂದ ಕೆಳಕ್ಕೆ ಒಂದೊಂದಾಗಿ ಒತ್ತಿ. ಬೆರಳು ಸೋತರೆ ಒಂದು ಹಸು ಮುಗಿದ ಮೇಲೆ ದಣಿವಾರಿಸಿಕೊಳ್ಳಿ, ನಡುವೆ ನಿಲ್ಲಿಸಬೇಡಿ. ಏಳು ನಿಮಿಷದ ಲೆಕ್ಕ ಮೇಲೆ ಹೇಳಿದ್ದೇನೆ. ಪಕ್ಕದ ಮನೆಯಿಂದ ಬದಲಿಯವರು ಬಂದರೆ ಮೊದಲು ಸಾಬೂನಿನಿಂದ ಕೈ ಕಾಲು ತೊಳೆಸಿ. ಅವರ ಕೊಟ್ಟಿಗೆಯ ಕೆಚ್ಚಲು ಬಾವು ಅವರ ಬೆರಳಿನಲ್ಲೇ ಬರಬಹುದು. ಊರಿನಲ್ಲಿ ಕಾಲುಬಾಯಿ ಜ್ವರ ಇರುವಾಗ ಇನ್ನೊಂದು ಕೊಟ್ಟಿಗೆಯವರನ್ನು ಕರೆಯಲೇಬಾರದು. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಒಂದು ಹಿಡಿ ಹಸಿರು ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿದರೆ ಮೊಲೆಯ ತುದಿ ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ.

ಇಷ್ಟಾಗಿಯೂ ಹಾಲಿನ ಗಾಡಿ ತಪ್ಪಿದರೆ, ಬೆಳಗಿನ ಹಾಲನ್ನು ಸಂಜೆಯ ಹಾಲಿಗೆ ಬೆರೆಸಿ ಡೈರಿಗೆ ತರಬೇಡಿ. ನಿಮ್ಮ ನಾಲ್ಕು ಲೀಟರು ಊರಿನವರ ಹಾಲನ್ನೆಲ್ಲ ಕೆಡಿಸೀತು. ಮನೆಯಲ್ಲಿ ಕಾಯಿಸಿ ಹೆಪ್ಪು ಹಾಕಿ, ಬೆಣ್ಣೆಯಾದರೂ ಆಗುತ್ತದೆ.

ಸೂಜಿ ಮದ್ದಿನ ಆಸೆ

ಹೊಸ ಕೈಗೆ ಹಸು ಸೊರ ಬಿಡದಿದ್ದಾಗ ಆಕ್ಸಿಟೋಸಿನ್ ಚುಚ್ಚುಮದ್ದು ತಂದು ತಾವೇ ಹಾಕುವ ಸದಸ್ಯರು ಇದ್ದಾರೆಂಬುದು ಗೊತ್ತಿದೆ. ಒಂದು ದಿನದ ಅವಸರಕ್ಕೆ ಶುರುವಾದದ್ದು ಅಭ್ಯಾಸವಾಗುತ್ತದೆ. ಆಮೇಲೆ ಸೂಜಿ ಇಲ್ಲದೆ ಹಸು ಹಾಲಿಳಿಸುವುದನ್ನೇ ಬಿಡುತ್ತದೆ. ಗಬ್ಬದ ಹಸುವಿಗೆ ಹಾಕಿದರೆ ಕಂದು ಹಾಕುವ ಅಪಾಯವಿದೆ. ಹಾಲಿಳಿಸಲು ಹಸುವಿನ ಆರೋಗ್ಯಕ್ಕೆ ಹಾನಿಯಾಗುವ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು. ಬೆಚ್ಚನೆ ನೀರಿನ ಬಟ್ಟೆಯಿಂದ ಕೆಚ್ಚಲು ಒರೆಸಿ, ಒಂದು ನಿಮಿಷ ಮೊಲೆ ನೀವಿ, ಗೋದಲಿಗೆ ಸ್ವಲ್ಪ ಹಿಂಡಿ ಹಾಕಿ, ಅಭ್ಯಾಸವಿದ್ದರೆ ಕರುವನ್ನು ಮುಂದೆ ಕಟ್ಟಿ ನೋಡಿ. ಮೊದಲ ದಿನ ಅರ್ಧ ಲೀಟರು ಉಳಿದರೆ ಉಳಿಯಲಿ. ಸೂಜಿಗಿಂತ ತಾಳ್ಮೆ ಅಗ್ಗ.

ಕೊಟ್ಟಿಗೆಯ ಲೆಕ್ಕ ಯಾರ ತಲೆಯಲ್ಲಿದೆ?

ಆಳು ಬಾರದಿದ್ದಾಗ ಆಗುವ ಗಾಬರಿಗೆ ಅವನ ಕೈ ಇಲ್ಲವೆಂಬುದು ಅರ್ಧ ಕಾರಣ ಮಾತ್ರ. ಯಾವ ಹಸುವಿಗೆ ಎಷ್ಟು ಹಿಂಡಿ, ಯಾವುದು ನಿನ್ನೆ ಸರಿಯಾಗಿ ಮೇಯಲಿಲ್ಲ, ಯಾವುದಕ್ಕೆ ಯಾವ ಮೊಲೆಯಲ್ಲಿ ಗಟ್ಟಿ ಬಂದಿತ್ತು, ಯಾವುದು ಬೆದೆಗೆ ಬರಬೇಕಾಗಿದೆ, ಈ ಸಂಗತಿಗಳೆಲ್ಲ ಅವನ ತಲೆಯಲ್ಲಿರುತ್ತವೆ. ಅವನು ಬಾರದಿದ್ದರೆ ಅವೂ ಬರುವುದಿಲ್ಲ. ಯಜಮಾನರು ತಮ್ಮದೇ ಕೊಟ್ಟಿಗೆಯಲ್ಲಿ ನೆಂಟರಂತೆ ನಿಂತಿರುತ್ತಾರೆ.

ಉದಾಹರಣೆಗೆ ಪಶು ಆಹಾರವನ್ನೇ ತೆಗೆದುಕೊಳ್ಳಿ. ಮಿಶ್ರತಳಿ ಹಸುವಿಗೆ ಶರೀರ ಪೋಷಣೆಗೆ ಒಂದೂವರೆ ಕೆ.ಜಿ., ಪ್ರತಿ ಲೀಟರು ಹಾಲಿಗೆ 400 ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. 10 ಲೀಟರು ಕೊಡುವ ಹಸುವಿಗೆ ದಿನಕ್ಕೆ ಐದೂವರೆ ಕೆ.ಜಿ. ಆಯಿತು. ಆಳಿಗೆ ಇದು ಕೈ ಅಂದಾಜಿನಲ್ಲೇ ಬಂದುಬಿಟ್ಟಿರುತ್ತದೆ. ಬದಲಿಗೆ ಬಂದವನು ಒದೆಯುವ ಹಸುವನ್ನು ಸಮಾಧಾನ ಮಾಡಲು ಒಂದು ಬುಟ್ಟಿ ಹೆಚ್ಚಿಗೆ ಸುರಿದರೆ ಹೊಟ್ಟೆಯಲ್ಲಿ ಆಮ್ಲತೆ ಹೆಚ್ಚಿ, ಸಂಜೆಗೆ ಮೆಲುಕು ನಿಂತಿರುತ್ತದೆ. ಇದನ್ನು ತಪ್ಪಿಸಲು ದುಬಾರಿ ಸಾಧನ ಬೇಕಿಲ್ಲ. ಒಂದು ಕೆ.ಜಿ. ಹಿಡಿಯುವ ಡಬ್ಬವೊಂದಕ್ಕೆ ಗೆರೆ ಹಾಕಿಟ್ಟು, ಪ್ರತಿ ಹಸುವಿನ ಗೋದಲಿಯ ಮೇಲಿನ ಗೋಡೆಗೆ ಹೊತ್ತಿಗೆ ಎಷ್ಟು ಡಬ್ಬವೆಂದು ಸುಣ್ಣದಲ್ಲಿ ಬರೆದರಾಯಿತು.

ಬೆದೆಯದು ಇನ್ನೂ ಸೂಕ್ಷ್ಮ. ಸೀಮೆ ಹಸುವಿನ ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆ ಇರುತ್ತದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಲೋಳೆ ಸೋರುವುದನ್ನು, ಪದೇ ಪದೇ ಕೂಗುವುದನ್ನು ಮೊದಲು ಗಮನಿಸುವವನು ಹಾಲು ಕರೆಯುವವನೇ. ಅವನಿಲ್ಲದ ದಿನ ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಆದ್ದರಿಂದ ಕ್ಯಾಲೆಂಡರಿನಲ್ಲಿ ಕಳೆದ ಬೆದೆಯ ತಾರೀಖಿಗೆ ಒಂದು ಗುರುತು, ಅಲ್ಲಿಂದ 21ನೇ ದಿನಕ್ಕೆ ಇನ್ನೊಂದು ಗುರುತು ಇರಲಿ. ಆಳು ಇರಲಿ ಇಲ್ಲದಿರಲಿ, ಆ ದಿನ ಆ ಹಸುವಿನ ಹಿಂದೆ ಹತ್ತು ನಿಮಿಷ ನಿಂತು ನೋಡುವುದು ಯಜಮಾನರ ಕೆಲಸ.

ಬಾರದವನ ಕಾರಣಗಳು

ಬಾರದವನೆಲ್ಲ ಸೋಮಾರಿ, ಕುಡುಕ ಎಂದು ತೀರ್ಮಾನಿಸುವುದು ಸುಲಭ. ಹಾಗಿರುವವರೂ ಇದ್ದಾರೆ. ಆದರೆ ಗೈರುಹಾಜರಿಯಲ್ಲಿ ಬಹುಪಾಲು ಮೊದಲೇ ಕ್ಯಾಲೆಂಡರಿನಲ್ಲಿ ಬರೆದಿರುವಂಥದ್ದು. ಯುಗಾದಿಯ ಮರುದಿನದ ಹೊಸತೊಡಕಿಗೆ ಅವನು ಬರುವುದಿಲ್ಲವೆಂದು ಯುಗಾದಿಯ ದಿನವೇ ಆಶ್ಚರ್ಯಪಡಬೇಕಾಗಿಲ್ಲ. ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯ ಜಾತ್ರೆ, ಊರಮ್ಮನ ಹಬ್ಬ, ಬೇಸಿಗೆಯ ಮದುವೆಗಳು, ಕಾರ್ತಿಕ ಕಳೆಯುತ್ತಲೇ ರಾಗಿ ಕೊಯ್ಲು, ಮಾಗಿ ಕಳೆದ ಮೇಲೆ ಹುಣಸೆ ಬಡಿಯುವ ಕೆಲಸ, ಇವೆಲ್ಲ ವರ್ಷ ವರ್ಷ ಬರುತ್ತವೆ. ಕೊಯ್ಲಿನ ಹದಿನೈದು ದಿನ ಹೊರಗಿನ ಕೂಲಿ ಹೆಚ್ಚು, ಅವನ ಮನೆಗೂ ಕಾಳು ಬೇಕು. ವಸಂತನರಸಾಪುರದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸಿಗೆ ಹೋಗುವ ಅಣ್ಣ ತಮ್ಮಂದಿರಿಗೆ ವಾರಕ್ಕೊಂದು ರಜೆ ಇರುವುದನ್ನು ಅವನು ಪ್ರತಿದಿನ ನೋಡುತ್ತಾನೆ. ತನಗೆ ಮಾತ್ರ ವರ್ಷದ 365 ದಿನವೂ ಬೆಳಿಗ್ಗೆ ಐದಕ್ಕೆ ಏಳುವ ಕೆಲಸ. ಕೇಳಿದರೆ ರಜೆ ಸಿಗುವುದಿಲ್ಲವೆಂದು ಗೊತ್ತಿರುವವನು ಕೇಳದೆಯೇ ಹೋಗುತ್ತಾನೆ, ಫೋನನ್ನೂ ಆರಿಸಿಡುತ್ತಾನೆ.

ನನ್ನ ಅಭಿಪ್ರಾಯದಲ್ಲಿ ಹೇಳದೆ ಹೋಗುವುದನ್ನು ನಿಲ್ಲಿಸಲು ಒಂದೇ ದಾರಿ, ಹೇಳಿ ಹೋಗಲು ಅವಕಾಶ ಕೊಡುವುದು. ವಾರದಲ್ಲಿ ಒಂದು ಸಂಜೆ, ತಿಂಗಳಲ್ಲಿ ಒಂದು ಪೂರ್ತಿ ದಿನ, ಕೂಲಿ ಹಿಡಿಯದೆ ಬಿಡಿ. ಯಾವ ದಿನವೆಂದು ತಿಂಗಳ ಮೊದಲೇ ಅವನ ಬಾಯಿಂದಲೇ ಕೇಳಿ ಗೋಡೆಯ ಮೇಲೆ ಬರೆಯಿರಿ. ಇದಕ್ಕೆ ಖರ್ಚಾಗುವುದಿಲ್ಲವೇ ಎಂದು ಕೇಳುವಿರಿ. ಆಗುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. 10 ಲೀಟರಿನ ಒಂದು ಹಸುವಿಗೆ ಕೆಚ್ಚಲು ಬಾವಾದರೆ ಚಿಕಿತ್ಸೆಯ ದಿನಗಳು, ಔಷಧಿಯ ಅಂಶ ಹಾಲಿನಿಂದ ಹೋಗುವವರೆಗಿನ ದಿನಗಳು ಸೇರಿ ಸುಮಾರು ಒಂದು ವಾರ ಹಾಲು ಹಾಕುವಂತಿಲ್ಲ. 70 ಲೀಟರು ಹೋಯಿತು. ಲೀಟರಿಗೆ 35 ರೂ. ಎಂದು ಹಿಡಿದರೂ 2,450 ರೂ. ಔಷಧಿ, ಡಾಕ್ಟರ ಓಡಾಟ ಬೇರೆ. ಒಂದು ಮೊಲೆ ಕಾಯಂ ಬತ್ತಿ ಹೋದರೆ ಅದರ ನಷ್ಟಕ್ಕೆ ಲೆಕ್ಕವೇ ಇಲ್ಲ.

ದೊಡ್ಡ ಮುಂಗಡ ಕೊಟ್ಟು ಕಟ್ಟಿಹಾಕುವ ಹಳೆಯ ದಾರಿಯನ್ನು ಕೆಲವರು ಈಗಲೂ ನಂಬಿದ್ದಾರೆ. ಸಾಲ ತೀರುವವರೆಗೆ ಬಿಟ್ಟುಹೋಗಬಾರದೆಂದು ಹಿಡಿದಿಟ್ಟುಕೊಳ್ಳುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಂತೆ ಅಪರಾಧ. ಕಾಯ್ದೆ ಇಲ್ಲದಿದ್ದರೂ, ಮನಸ್ಸಿಲ್ಲದ ಕೈ ಹಸುವಿನ ಮೇಲೆ ಹೇಗೆ ಬೀಳುತ್ತದೆಂಬುದನ್ನು ಯೋಚಿಸಿ.

ಪಶುವೈದ್ಯನಾಗಿ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಆಳು ಪದೇ ಪದೇ “ಜ್ವರ” ಎಂದು ಉಳಿಯುತ್ತಿದ್ದರೆ ಸುಳ್ಳೆಂದು ತಳ್ಳಿಹಾಕಬೇಡಿ. ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಕೀಲುಗಳ ನೋವು, ಸುಸ್ತು, ಇವು ಬ್ರುಸೆಲ್ಲೋಸಿಸ್ ರೋಗದ ಲಕ್ಷಣಗಳಾಗಿರಬಹುದು. ಇದು ಹಸುವಿನಿಂದ ಮನುಷ್ಯನಿಗೆ ಬರುವ ರೋಗ. ಕಂದು ಹಾಕಿದ ಹಸುವಿನ ಸತ್ತೆ, ಕಂದು ಕರು, ಸ್ರಾವಗಳನ್ನು ಬರಿಗೈಯಲ್ಲಿ ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ತಗಲುತ್ತದೆ. ಅವನು ಬಾರದಿರುವುದಕ್ಕೆ ಕಾರಣ ನಿಮ್ಮ ಕೊಟ್ಟಿಗೆಯಲ್ಲೇ ಇರಬಹುದು! ಆಸ್ಪತ್ರೆಗೆ ಕಳಿಸಿ, ದನಗಳ ಜೊತೆ ಕೆಲಸ ಮಾಡುವವನೆಂದು ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಿ. ಸತ್ತೆ ತೆಗೆಯುವಾಗ ಕೈಗವಸು ಕಡ್ಡಾಯ ಮಾಡಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ವಿರುದ್ಧ ಲಸಿಕೆಯಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದೊಂದಿಗೆ ಇದನ್ನೂ ಸೇರಿಸಲಾಗಿದೆ. ಲಸಿಕೆಯ ತಂಡ ಬಂದಾಗ ಕರುಗಳನ್ನು ಹಿತ್ತಲಿಗೆ ಅಟ್ಟಬೇಡಿ.

ಹಾಲಿಗೂ ಮುಯ್ಯಾಳು

ಕೂಲಿಯ ಆಳು ಸಿಗದಿದ್ದ ಕಾಲದಲ್ಲೂ ನಮ್ಮ ಊರುಗಳಲ್ಲಿ ನಾಟಿ, ಕೊಯ್ಲು, ಒಕ್ಕಣೆ ನಿಂತಿರಲಿಲ್ಲ. ಮುಯ್ಯಾಳು ಇತ್ತು. ಈ ದಿನ ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಇದನ್ನೇ ಕೊಟ್ಟಿಗೆಗೆ ತರಬಹುದು. ಕೂಗಿದರೆ ಕೇಳುವಷ್ಟು ಹತ್ತಿರದ ಎರಡು ಮೂರು ಮನೆಯವರು ಮಾತಾಡಿಕೊಂಡು, ಒಬ್ಬರ ಕೊಟ್ಟಿಗೆಯಲ್ಲಿ ಕೈ ಕಡಿಮೆಯಾದ ದಿನ ಇನ್ನೊಬ್ಬರು ಬಂದು ಕರೆಯುವುದೆಂದು ಗೊತ್ತುಮಾಡಿಕೊಳ್ಳಬೇಕು. ಎರಡು ಮನೆಗಳ ಹಾಲು ಕರೆಯುವ ಹೊತ್ತಿನಲ್ಲಿ ಮುಕ್ಕಾಲು ಗಂಟೆ ವ್ಯತ್ಯಾಸ ಇಟ್ಟುಕೊಂಡರೆ ಇದು ನಡೆಯುತ್ತದೆ.

ಆದರೆ ಸೊರ ಬಿಡುವ ವಿಷಯ ಮರೆಯಬಾರದು. ಅಗತ್ಯ ಬಿದ್ದ ದಿನವೇ ಮೊದಲ ಸಲ ಬಂದ ಕೈಗೆ ಹಸು ಹಾಲು ಕೊಡುವುದಿಲ್ಲ. ಆದ್ದರಿಂದ ಎಲ್ಲ ಸರಿಯಿರುವಾಗಲೇ, ಆಳೂ ಪಕ್ಕದಲ್ಲಿರುವಾಗಲೇ, ವಾರಕ್ಕೊಂದು ಹೊತ್ತು ಎರಡನೆಯ ಕೈ ಕರೆಯಬೇಕು. ಅವನ ವಾರದ ಸಂಜೆ ರಜೆ ಇದಕ್ಕೆ ಸರಿಯಾಗಿ ಒದಗುತ್ತದೆ. ಮೊದಲೆರಡು ವಾರ ಅತ್ಯಂತ ಸಾಧು ಹಸುವೊಂದನ್ನು ಮಾತ್ರ ಕರೆದು, ಆಮೇಲೆ ಉಳಿದವಕ್ಕೆ ಹೋಗಿ. ಚೊಚ್ಚಲ ಕರು ಹಾಕಿದ ಪಡ್ಡೆಗಳಿಗಂತೂ ಮೊದಲ ತಿಂಗಳಿನಿಂದಲೇ ಎರಡು ಕೈಗಳ ಅಭ್ಯಾಸ ಮಾಡಿಸಿಬಿಡಿ. “ನನ್ನ ಕೈ ಬಿಟ್ಟರೆ ಬೇರೆಯವರಿಗೆ ಕೊಡೋದಿಲ್ಲ” ಎಂದು ಹೆಮ್ಮೆಪಡುವುದು ಚೆನ್ನಾಗಿಯೇ ಇರುತ್ತದೆ, ಆ ಕೈಗೆ ಜ್ವರ ಬರುವವರೆಗೆ.

ಹಾಲು ಕರೆಯುವ ಯಂತ್ರದ ಬಗ್ಗೆ ಕೇಳುವವರಿದ್ದಾರೆ. ಎಂಟು ಹತ್ತು ಹಸು ಕರಾವಿನಲ್ಲಿದ್ದರೆ ಯಂತ್ರ ಒಳ್ಳೆಯದೇ. ಕೈಸೋತವರೂ ಕರೆಯಬಹುದು. ಆದರೆ ಯಂತ್ರ ತಾನಾಗಿ ಕೊಟ್ಟಿಗೆಗೆ ನಡೆದು ಬರುವುದಿಲ್ಲ. ಜೋಡಿಸಲು, ಹಾಲು ನಿಂತೊಡನೆ ತೆಗೆಯಲು, ಪ್ರತಿ ಹೊತ್ತೂ ರಬ್ಬರುಗಳನ್ನು ತೊಳೆಯಲು ಜನ ಬೇಕು. ಆಳಿಗೆ ಮಾತ್ರ ಯಂತ್ರ ನಡೆಸಲು ಬರುತ್ತದೆ, ಮನೆಯವರಿಗೆ ಬಾರದು ಎಂದಾದರೆ ಹಣ ಕೊಟ್ಟು ಹಳೆಯ ಸ್ಥಿತಿಯನ್ನೇ ಕೊಂಡಂತಾಯಿತು.

ಲೆಕ್ಕಕ್ಕೆ ಬಾರದ ಕೆಲಸದವರು

ಇದುವರೆಗೆ ಆಳಿನ ಮಾತಾಯಿತು. ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಆಳೇ ಇಲ್ಲ. ಎರಡು ಮೂರು ಹಸು, ಕರೆಯುವವರು ಮನೆಯ ಹೆಣ್ಣುಮಕ್ಕಳು. ಆಳಿರುವ ಮನೆಯಲ್ಲೂ ಅವನು ಬಾರದ ದಿನ ಕೆಲಸ ಬಂದು ಬೀಳುವುದು ಅವರ ಮೇಲೆಯೇ. ಆಳಿನ ಗೈರುಹಾಜರಿಯನ್ನು ಎಲ್ಲರೂ ಲೆಕ್ಕ ಇಡುತ್ತಾರೆ. ಇವರಿಗೆ ಹಾಜರಿ ಪುಸ್ತಕವೇ ಇಲ್ಲ. ಹಳ್ಳಿಗಳಲ್ಲಿ ಮಹಿಳಾ ಸದಸ್ಯರ ಸಭೆ ನಡೆಸುವಾಗ ನಾನು ಕೇಳುವ ಒಂದು ಪ್ರಶ್ನೆ ಇದೆ: ತವರುಮನೆಯಲ್ಲಿ ಎರಡು ರಾತ್ರಿ ಉಳಿದು ಎಷ್ಟು ವರ್ಷವಾಯಿತು? ನಗುತ್ತಾರೆ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಅಣ್ಣನ ಮಗಳ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ ಸಂಜೆ ಹಾಲಿನ ಹೊತ್ತಿಗೆ ತಿರುಗಿ ಬಂದವರು ಪ್ರತಿ ಸಭೆಯಲ್ಲೂ ಸಿಗುತ್ತಾರೆ. “ನಾನು ಹೋದರೆ ಹಸು ಯಾರಿಗೂ ಕೊಡಲ್ಲ ಸಾರ್” ಎನ್ನುತ್ತಾರೆ. ಮನೆಯ ಗಂಡಸರು ಒಮ್ಮೆಯೂ ಕೆಚ್ಚಲಿಗೆ ಕೈ ಹಾಕದಿದ್ದರೆ ಹಸು ಹೇಗೆ ತಾನೇ ಕೊಟ್ಟೀತು?

ಆ ತಾಯಿಗೆ ಬಾಣಂತನವಾದಾಗ, ಗರ್ಭಕೋಶದ ಶಸ್ತ್ರಚಿಕಿತ್ಸೆಯಾದಾಗ, ಬೆನ್ನು ಹಿಡಿದುಕೊಂಡಾಗ ಹಸುವನ್ನೇ ಮಾರಿದ ಮನೆಗಳಿವೆ. ಚೆನ್ನಾಗಿ ಹಾಲು ಕೊಡುತ್ತಿದ್ದ ಹಸು ದಲ್ಲಾಳಿ ಹೇಳಿದ ಬೆಲೆಗೆ ಹೋಗುತ್ತದೆ. ಇಲ್ಲವೇ ಹತ್ತನೇ ತರಗತಿಯ ಮಗಳು ಬೆಳಗಿನ ಓದು ಬಿಟ್ಟು ಬಕೆಟ್ಟು ಹಿಡಿಯುತ್ತಾಳೆ. ಕೂಲಿಯಾಳಿಗೆ ಹೇಳಿದ್ದೆಲ್ಲ ಇಲ್ಲಿಗೂ ಅನ್ವಯಿಸುತ್ತದೆ. ವಾರಕ್ಕೊಂದು ಸಂಜೆ ಮನೆಯ ಗಂಡಸರೇ ಕರೆಯಲಿ. ನಾಚಿಕೆಯ ವಿಷಯ ಇದರಲ್ಲಿ ಏನೂ ಇಲ್ಲ. ಕೂಲಿಗೆ ಬರುವವನೂ ಗಂಡಸೇ ತಾನೆ?

ಸಂಘದ ಸಿಬ್ಬಂದಿ

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವೂ ಒಂದು ಸಣ್ಣ ಉದ್ದಿಮೆಯೇ. ಕಾರ್ಯದರ್ಶಿ, ಹಾಲು ಪರೀಕ್ಷಕ, ಒಬ್ಬ ಸಹಾಯಕ, ಬಹುಪಾಲು ಕಡೆ ಇಷ್ಟೇ ಜನ. ಪರೀಕ್ಷಕ ಬಾರದ ಬೆಳಿಗ್ಗೆ ಸಾಲಿನಲ್ಲಿ ನಿಂತ ಸದಸ್ಯರ ಹಾಲನ್ನು ಪರೀಕ್ಷೆಯಿಲ್ಲದೆ ಹಿಂದಿನ ದಿನದ ಕೊಬ್ಬಿನ ಲೆಕ್ಕಕ್ಕೆ ಬರೆದುಬಿಟ್ಟರೆ ಅಂದು ಒಳ್ಳೆಯ ಹಾಲು ಹಾಕಿದವರಿಗೆ ಅನ್ಯಾಯ, ಜಗಳಕ್ಕೂ ಅದೇ ಬೀಜ. ಆಡಳಿತ ಮಂಡಳಿಯವರು ಸಹಾಯಕನಿಗೂ ಪರೀಕ್ಷೆಯ ಯಂತ್ರದ ಬಳಕೆ, ಅದನ್ನು ತೊಳೆಯುವ ಕ್ರಮ ಕಲಿಸಿ, ತಿಂಗಳಲ್ಲಿ ಎರಡು ದಿನ ಅವನ ಕೈಯಲ್ಲೇ ಪರೀಕ್ಷೆ ಮಾಡಿಸಬೇಕು. ಕೊಠಡಿಯ ಎರಡನೆಯ ಬೀಗದ ಕೈ ಅಧ್ಯಕ್ಷರ ಮನೆಯಲ್ಲಿರಲಿ. ಹಾಲಿನ ಗಾಡಿಯ ಚಾಲಕ, ಕೃತಕ ಗರ್ಭಧಾರಣೆ ಕಾರ್ಯಕರ್ತ ಮತ್ತು ಆ ಭಾಗದ ವಿಸ್ತರಣಾಧಿಕಾರಿಯ ಫೋನ್ ಸಂಖ್ಯೆಗಳನ್ನು ಕಾರ್ಯದರ್ಶಿಯ ಮೊಬೈಲಿನಲ್ಲಿ ಮಾತ್ರ ಇಟ್ಟುಕೊಳ್ಳದೆ, ಹಾಲು ಅಳೆಯುವ ಮೇಜಿನ ಮೇಲಿನ ಗೋಡೆಗೆ, ಓದಲು ಬರುವಷ್ಟು ದಪ್ಪಕ್ಷರದಲ್ಲಿ, ಬಣ್ಣದಿಂದ ಬರೆಸಿ.